ಪ್ರಶ್ನೆಗೆ ಬಾಗಿಲಿಲ್ಲದ ಐವತ್ತು ವರ್ಷ

ಶಾಸನಸಭೆಯ ಕಲಾಪಗಳಲ್ಲಿ ಜನಸಾಮಾನ್ಯರ ಗಮನ ಹೆಚ್ಚಾಗಿ ಸೆಳೆಯುವುದು ಪ್ರಶ್ನೋತ್ತರ ವೇಳೆ. ಮಸೂದೆಗಳ ಚರ್ಚೆ ನೀರಸವೆನಿಸಬಹುದು, ಬಜೆಟ್ಟಿನ ಅಂಕಿಅಂಶ ತಲೆಗೆ ಹತ್ತದೆ ಹೋಗಬಹುದು. ಆದರೆ ತನ್ನೂರಿನ ಕೆರೆ ಏಕೆ ಒಡೆಯಿತು, ಶಾಲೆಗೆ ಮೇಷ್ಟರು ಏಕೆ ಬಂದಿಲ್ಲ ಎಂದು ಶಾಸಕನೊಬ್ಬ ಎದ್ದುನಿಂತು ಕೇಳುವಾಗ, ಮಂತ್ರಿ ಕಡತ ತಿರುವುತ್ತಾ ಉತ್ತರ ಹುಡುಕುವಾಗ, ಪ್ರಜಾಪ್ರಭುತ್ವ ಎಂದರೇನೆಂಬುದು ಯಾರಿಗಾದರೂ ಅರ್ಥವಾಗುತ್ತದೆ. ಈ ಪದ್ಧತಿಯ ತವರು ಇಂಗ್ಲೆಂಡ್. 1721ರ ಫೆಬ್ರುವರಿಯಲ್ಲಿ ಅಲ್ಲಿನ ಲಾರ್ಡ್ಸ್ ಸಭೆಯಲ್ಲಿ ಅರ್ಲ್ ಕೂಪರ್ ಎಂಬಾತ, ಸೌತ್ ಸೀ ಕಂಪನಿ ಹಗರಣದಲ್ಲಿ ತಲೆಮರೆಸಿಕೊಂಡ ಖಜಾಂಚಿ ಸಿಕ್ಕಿಬಿದ್ದಿರುವುದು ನಿಜವೇ ಎಂದು ಸರ್ಕಾರವನ್ನು ಕೇಳಿದ. ದಾಖಲೆಯಲ್ಲಿ ಸಿಗುವ ಮೊದಲ ಪ್ರಶ್ನೆ ಅದು. ಭಾರತದ ಶಾಸನ ಪರಿಷತ್ತುಗಳ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ದೊರೆತದ್ದು 1892ರ ಕಾಯಿದೆಯಿಂದ. ಉಪಪ್ರಶ್ನೆ ಕೇಳಲು 1909ರವರೆಗೆ ಕಾಯಬೇಕಾಯಿತು.

ಆದರೆ ಈ ಹಕ್ಕಿಗೆ ಒಂದು ಷರತ್ತಿದೆ. ಯಾರನ್ನು ಕೇಳುತ್ತೇವೋ ಅವರು ಆ ವಿಷಯಕ್ಕೆ ಹೊಣೆಗಾರರಾಗಿರಬೇಕು. ಕರ್ನಾಟಕದ ಸಂಸದರೊಬ್ಬರು ತಮ್ಮ ಕ್ಷೇತ್ರದ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಿಲ್ಲವೆಂದು ಲೋಕಸಭೆಯಲ್ಲಿ ಪ್ರಶ್ನೆ ಕೊಟ್ಟರೆ ಅದು ಅಂಗೀಕಾರವಾಗುವುದು ಕಷ್ಟ. ಮುಖ್ಯವಾಗಿ ಕೇಂದ್ರ ಸರ್ಕಾರಕ್ಕೆ ಸಂಬಂಧಿಸದ ವಿಷಯವನ್ನು ಲೋಕಸಭೆಯ ಪ್ರಶ್ನೆಗಳಲ್ಲಿ ಎತ್ತುವಂತಿಲ್ಲ ಎಂಬುದು ಅಲ್ಲಿನ ನಿಯಮ. ಅದನ್ನು ವಿಧಾನಸೌಧದಲ್ಲಿ ಕೇಳಬೇಕು. ಇದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಕೇಳುವ ಶಾಸಕರಿದ್ದಾರೆ, ಉತ್ತರಿಸಬೇಕಾದ ಮಂತ್ರಿಗಳಿದ್ದಾರೆ, ಉತ್ತರ ಸರಿಯಿಲ್ಲದಿದ್ದರೆ ಐದು ವರ್ಷಕ್ಕೊಮ್ಮೆ ಮಂತ್ರಿಗಳನ್ನು ಮನೆಗೆ ಕಳಿಸುವ ಮತದಾರರಿದ್ದಾರೆ. ಈ ಮೂರನೆಯ ಅಂಶವೇ ಇಲ್ಲದಿದ್ದರೆ? ಮೇಲಿನ ಸಭೆ ‘ಅಲ್ಲಿ ಕೇಳಿ’ ಎಂದೂ, ಅಲ್ಲಿನ ಸಭೆ ‘ಏನು ಬೇಕಾದರೂ ಕೇಳಿ, ನಮಗೇನು’ ಎಂದೂ ವರ್ತಿಸಿದರೆ? ಉತ್ತರ ಐರ್ಲೆಂಡಿನ ಸ್ಟಾರ್ಮಂಟ್ ಸಂಸತ್ತಿನ ಕಥೆ ಈ ಪ್ರಶ್ನೆಗೆ ಇತಿಹಾಸ ಒದಗಿಸಿದ ನಿದರ್ಶನ.

ಮೊದಲ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಬ್ರಿಟಿಷ್ ಸರ್ಕಾರ ತನ್ನ ಅಧಿಕಾರದ ಒಂದಿಷ್ಟು ಪಾಲನ್ನು ಕೆಳಗಿನ ಸಭೆಗಳಿಗೆ ವರ್ಗಾಯಿಸುವ ಪ್ರಯೋಗಗಳಲ್ಲಿ ತೊಡಗಿತ್ತು. ಭಾರತದಲ್ಲಿ ಅದು 1919ರ ಕಾಯಿದೆಯ ರೂಪ ತಾಳಿತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರದವರಿಗೂ ಮದರಾಸು ಪ್ರಾಂತ್ಯದಲ್ಲಿದ್ದ ಮಂಗಳೂರು, ಬಳ್ಳಾರಿಯವರಿಗೂ ಇದರ ಅನುಭವವಾಯಿತು. ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆಗಳು ಚುನಾಯಿತ ಮಂತ್ರಿಗಳ ಕೈಗೆ ಬಂದವು. ಪೊಲೀಸು, ಭೂಕಂದಾಯ ಗವರ್ನರರ ಬಳಿಯೇ ಉಳಿದವು. ದ್ವಿಸರ್ಕಾರವೆಂದು ಪಠ್ಯಪುಸ್ತಕಗಳು ಕರೆಯುವ ಈ ವ್ಯವಸ್ಥೆ 1937ರಲ್ಲಿ ಕೊನೆಗೊಂಡಿತು.

ಐರ್ಲೆಂಡಿನಲ್ಲಿ ನಡೆದ ಪ್ರಯೋಗ ಬೇರೆ ಬಗೆಯದು. 1920ರ ಐರ್ಲೆಂಡ್ ಸರ್ಕಾರ ಕಾಯಿದೆ ಆ ದ್ವೀಪವನ್ನು ಎರಡಾಗಿ ಒಡೆದು, ಈಶಾನ್ಯದ ಆರು ಕೌಂಟಿಗಳಿಗೆ ಪ್ರತ್ಯೇಕ ಸಂಸತ್ತನ್ನು ಕೊಟ್ಟಿತು. 1921ರ ಜೂನ್ 22ರಂದು ಐದನೆಯ ಜಾರ್ಜ್ ದೊರೆ ಬೆಲ್‌ಫಾಸ್ಟ್ ನಗರದಲ್ಲಿ ಅದನ್ನು ಉದ್ಘಾಟಿಸಿದ. 1932ರಲ್ಲಿ ನಗರದ ಹೊರವಲಯದ ಸ್ಟಾರ್ಮಂಟ್ ಎಂಬಲ್ಲಿ ಭವ್ಯವಾದ ಬಿಳಿಯ ಕಟ್ಟಡ ಎದ್ದುನಿಂತಿತು. ಅಂದಿನಿಂದ ಸರ್ಕಾರವನ್ನೇ ಜನ ‘ಸ್ಟಾರ್ಮಂಟ್’ ಎಂದು ಕರೆಯತೊಡಗಿದರು.

ಪ್ರಧಾನಮಂತ್ರಿ, ಸಂಪುಟ, ಎರಡು ಸದನ, ಸ್ಪೀಕರ್, ಪ್ರಶ್ನೋತ್ತರ ವೇಳೆ ಎಲ್ಲವೂ ಅಲ್ಲಿ ಇದ್ದವು. ಇಲ್ಲದಿದ್ದದ್ದು ಸರ್ಕಾರ ಬದಲಾಗುವ ಸಾಧ್ಯತೆ. ಬ್ರಿಟನ್ನಿನೊಡನೆ ಉಳಿಯಬಯಸುವ ಪ್ರಾಟೆಸ್ಟಂಟರು ಸುಮಾರು ಮೂರರಲ್ಲಿ ಎರಡು ಪಾಲು, ಅಖಂಡ ಐರ್ಲೆಂಡ್ ಬಯಸುವ ಕ್ಯಾಥೊಲಿಕರು ಒಂದು ಪಾಲು. ಮತದಾನ ನಡೆಯುತ್ತಿದ್ದುದು ಈ ಒಂದೇ ವಿಷಯದ ಮೇಲೆ. 1921ರ ಚುನಾವಣೆಯಲ್ಲಿ 52 ಸ್ಥಾನಗಳ ಕೆಳಮನೆಯಲ್ಲಿ ಯೂನಿಯನಿಸ್ಟ್ ಪಕ್ಷ 40 ಸ್ಥಾನ ಗೆದ್ದಿತು. ಅಲ್ಲಿಂದ 1972ರವರೆಗೆ, ಐವತ್ತೊಂದು ವರ್ಷ, ಅದೊಂದೇ ಪಕ್ಷ ಅಧಿಕಾರದಲ್ಲಿತ್ತು. ವಿರೋಧಿ ನ್ಯಾಷನಲಿಸ್ಟರು ಮೊದಲ ಕೆಲವು ವರ್ಷ ಸದನಕ್ಕೇ ಕಾಲಿಡಲಿಲ್ಲ. ಆಮೇಲೂ ಬರುವುದು, ಬಿಡುವುದು ನಡೆದೇ ಇತ್ತು. ತಾವು ಅಧಿಕೃತ ವಿರೋಧ ಪಕ್ಷವೆಂದು ಅವರು ಒಪ್ಪಿಕೊಂಡದ್ದು 1965ರಲ್ಲಿ. ಈ ಅರ್ಧ ಶತಮಾನದಲ್ಲಿ ನ್ಯಾಷನಲಿಸ್ಟರು ತಂದು ಅಂಗೀಕಾರ ಪಡೆದ ಏಕೈಕ ಮಸೂದೆ 1931ರದು. ಕಾಡುಹಕ್ಕಿಗಳ ರಕ್ಷಣೆಗಾಗಿ! ಹಕ್ಕಿಗಳಿಗೆ ಮತವಿಲ್ಲದ್ದರಿಂದ ಯಾರಿಗೂ ಆಕ್ಷೇಪವಿರಲಿಲ್ಲ ಎನ್ನಬೇಕು.

ಹೀಗಿರುವಾಗ ಅಲ್ಪಸಂಖ್ಯಾತರಿಗೆ ಉಳಿದ ದಾರಿ ಲಂಡನ್. 1920ರ ಕಾಯಿದೆಯ 75ನೆಯ ಸೆಕ್ಷನ್ ಪ್ರಕಾರ ಸಾರ್ವಭೌಮ ಅಧಿಕಾರ ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನಲ್ಲೇ ಉಳಿದಿತ್ತು. ಅಲ್ಲಿಗೆ ಉತ್ತರ ಐರ್ಲೆಂಡಿನಿಂದ ಸದಸ್ಯರೂ ಆಯ್ಕೆಯಾಗುತ್ತಿದ್ದರು, ಮೊದಲು 13, ಆಮೇಲೆ 12. ಆದರೆ 1923ರ ಮೇ 3ರಂದು ಕಾಮನ್ಸ್ ಸಭೆಯ ಸ್ಪೀಕರ್ ಜಾನ್ ವಿಟ್ಲಿ ಒಂದು ರೂಲಿಂಗ್ ಕೊಟ್ಟರು. ಬೆಲ್‌ಫಾಸ್ಟಿನ ಸರ್ಕಾರಕ್ಕೆ ವಹಿಸಿಕೊಟ್ಟ ವಿಷಯಗಳ ಬಗ್ಗೆ ಪ್ರಶ್ನೆಗಳನ್ನು ಅಲ್ಲಿನ ಮಂತ್ರಿಗಳಿಗೇ ಕೇಳಬೇಕು, ಈ ಸಭೆಯಲ್ಲಲ್ಲ ಎಂಬುದು ಅದರ ತಿರುಳು. ಸ್ಪೀಕರ್ ಯಾರ ಪಕ್ಷವನ್ನೂ ವಹಿಸಿ ಹೇಳಿದ ಮಾತಲ್ಲ ಇದು. ಹೊಣೆ ಯಾರದೋ ಪ್ರಶ್ನೆ ಅವರಿಗೆ ಎಂಬ ಹಳೆಯ ತತ್ವವನ್ನೇ ಅವರು ಅನ್ವಯಿಸಿದ್ದರು. ತರ್ಕ ಸರಿಯಿತ್ತು. ಅದರ ಫಲವಾಗಿ ಮನೆ, ಶಾಲೆ, ಪೊಲೀಸು, ಸ್ಥಳೀಯ ಚುನಾವಣೆ ಇವುಗಳ ಬಗ್ಗೆ ನಾಲ್ಕು ದಶಕಗಳಿಗೂ ಮೀರಿ ಲಂಡನ್ನಿನಲ್ಲಿ ಯಾರೂ ಕೇಳುವಂತಿರಲಿಲ್ಲ.

ಕೇಳದಿದ್ದರೆ ತಿಳಿಯುವುದೂ ಇಲ್ಲ. 1967ರಲ್ಲಿ ಬ್ರಿಟನ್ನಿನ ಗೃಹಮಂತ್ರಿಯಾದ ಜೇಮ್ಸ್ ಕ್ಯಾಲಹನ್ ತಮ್ಮ ಇಲಾಖೆಯ ಅಂದಿನ ಸ್ಥಿತಿಯನ್ನು ನಂತರ ಬರೆದಿಟ್ಟಿದ್ದಾರೆ. ಉತ್ತರ ಐರ್ಲೆಂಡಿನ ವ್ಯವಹಾರ ಒಂದು ‘ಸಾಮಾನ್ಯ ವಿಭಾಗ’ಕ್ಕೆ ಸೇರಿತ್ತು. ಆ ವಿಭಾಗದ ಉಳಿದ ಕೆಲಸಗಳೆಂದರೆ ಲಂಡನ್ನಿನ ಟ್ಯಾಕ್ಸಿಗಳು, ಮದ್ಯದಂಗಡಿಗಳ ಪರವಾನಗಿ, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದು, ಪ್ರಾಣಿಪಕ್ಷಿಗಳ ರಕ್ಷಣೆ. ಹದಿನೈದು ಲಕ್ಷ ಜನರ ನಾಡೊಂದು ಟ್ಯಾಕ್ಸಿ ಮೀಟರುಗಳ ಪಕ್ಕದ ಕಪಾಟಿನಲ್ಲಿ ಕೂತಿತ್ತು. ಪ್ರಶ್ನೆ ಬರುವುದಿಲ್ಲವೆಂದು ಗೊತ್ತಿದ್ದ ಮೇಲೆ ಉತ್ತರ ಸಿದ್ಧಪಡಿಸುವ ಗುಮಾಸ್ತ ತಾನೇ ಏಕೆ ಬೇಕು?

ಕೇಳಬೇಕಾದದ್ದು ಏನಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಜಗಳದ ಮೂಲ ಧರ್ಮವೆಂದು ಹೊರಗಿನವರು ತಿಳಿಯುತ್ತಾರೆ. ದಿನನಿತ್ಯದ ಬದುಕಿನಲ್ಲಿ ಅದು ಮನೆ ಹಂಚಿಕೆಯ ಜಗಳ. ಎರಡನೆಯ ಮಹಾಯುದ್ಧದ ನಂತರ ಕೌನ್ಸಿಲುಗಳು, ಅಂದರೆ ನಮ್ಮ ಪುರಸಭೆ, ತಾಲ್ಲೂಕು ಬೋರ್ಡುಗಳಂಥ ಸಂಸ್ಥೆಗಳು, ಬಾಡಿಗೆ ಮನೆಗಳನ್ನು ಕಟ್ಟಿ ಹಂಚತೊಡಗಿದವು. ಬ್ರಿಟನ್ನಿನಲ್ಲಿ ಸ್ಥಳೀಯ ಚುನಾವಣೆಗೂ ವಯಸ್ಕರೆಲ್ಲರಿಗೆ ಮತದಾನದ ಹಕ್ಕು ಬಂದಿತ್ತು. ಉತ್ತರ ಐರ್ಲೆಂಡಿನಲ್ಲಿ ಅದು ಮನೆಯ ಒಡೆಯ ಅಥವಾ ಬಾಡಿಗೆದಾರ ಮತ್ತು ಅವರ ಪತಿ ಅಥವಾ ಪತ್ನಿಗೆ ಮಾತ್ರ. ತಂದೆತಾಯಿಯ ಮನೆಯಲ್ಲಿರುವ ದೊಡ್ಡ ಮಕ್ಕಳಿಗೆ, ಕೋಣೆ ಹಿಡಿದು ಇರುವವರಿಗೆ ಮತವಿಲ್ಲ. ಬದಲಿಗೆ ಕಂಪನಿಗಳಿಗೆ ಹೆಚ್ಚುವರಿ ಮತಗಳಿದ್ದವು.

ಇದರ ಅರ್ಥ ಸರಳ. ಮನೆ ಕೊಟ್ಟರೆ ಮತ ಕೊಟ್ಟಂತೆ. ಒಂದು ಕ್ಯಾಥೊಲಿಕ್ ಕುಟುಂಬಕ್ಕೆ ಮನೆ ಕೊಟ್ಟರೆ ಆ ವಾರ್ಡಿನಲ್ಲಿ ಎರಡು ವಿರೋಧಿ ಮತಗಳು ಹುಟ್ಟಿಕೊಳ್ಳುತ್ತವೆ. ಯಾರಿಗೆ ಎಷ್ಟು ಅಗತ್ಯವಿದೆಯೆಂದು ಅಳೆಯುವ ಅಂಕಪದ್ಧತಿ ಅನೇಕ ಕಡೆ ಇರಲೇ ಇಲ್ಲ. ಹಲವು ಕೌನ್ಸಿಲುಗಳಲ್ಲಿ ಆಯಾ ವಾರ್ಡಿನ ಸದಸ್ಯನೇ ತನ್ನ ಇಷ್ಟದಂತೆ ಮನೆಗಳನ್ನು ಹಂಚುತ್ತಿದ್ದ. ಆಶ್ರಯ ಮನೆಗಳ ಫಲಾನುಭವಿ ಪಟ್ಟಿ ತಯಾರಾಗುವುದನ್ನು ಕಂಡಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡೆರಿ ನಗರದಲ್ಲಂತೂ ಕ್ಯಾಥೊಲಿಕರೇ ಬಹುಸಂಖ್ಯಾತರು. ಅವರನ್ನೆಲ್ಲ ಒಂದೇ ವಾರ್ಡಿನಲ್ಲಿ ಒತ್ತಿ, ಉಳಿದೆರಡು ವಾರ್ಡುಗಳಿಗೆ ಹೆಚ್ಚು ಸ್ಥಾನ ಕೊಟ್ಟದ್ದರಿಂದ 12 ಯೂನಿಯನಿಸ್ಟ್, 8 ವಿರೋಧಿ ಸದಸ್ಯರೆಂಬ ಲೆಕ್ಕ ವರ್ಷವರ್ಷವೂ ಉಳಿಯಿತು. ಆ ಒಂದು ವಾರ್ಡು ತುಂಬಿ ತುಳುಕಿದರೂ ಬೇರೆ ವಾರ್ಡಿನಲ್ಲಿ ಅವರಿಗೆ ಮನೆ ಕಟ್ಟುವಂತಿಲ್ಲ. ಕಟ್ಟಿದರೆ ಲೆಕ್ಕ ಕೆಡುತ್ತದೆ.

ಡಂಗ್ಯಾನನ್ ಎಂಬ ಊರಿನ ವೈದ್ಯ ಕಾನ್ ಮೆಕ್ಲಸ್ಕಿ ಮತ್ತು ಅವರ ಪತ್ನಿ ಪೆಟ್ರಿಷಿಯಾ 1964ರಲ್ಲಿ ‘ಸಾಮಾಜಿಕ ನ್ಯಾಯ ಆಂದೋಲನ’ ಎಂಬ ಸಂಸ್ಥೆ ಆರಂಭಿಸಿ, ಊರೂರಿನ ಮನೆ ಹಂಚಿಕೆ, ನೌಕರಿಗಳ ಅಂಕಿಅಂಶ ಕಲೆಹಾಕಿದರು. ಬ್ರಿಟಿಷ್ ಪ್ರಧಾನಿಗೆ ಪತ್ರ ಬರೆದರು. ಅದು ಸ್ಟಾರ್ಮಂಟಿಗೆ ಸೇರಿದ ವಿಷಯ ಎಂದು ಉತ್ತರ ಬಂತು. ಸ್ಟಾರ್ಮಂಟನ್ನು ಕೇಳಿದರೆ ಮನೆ ಹಂಚಿಕೆ ಆಯಾ ಕೌನ್ಸಿಲಿನ ವಿವೇಚನೆ ಎನ್ನುತ್ತಿತ್ತು. ಕೌನ್ಸಿಲನ್ನು ಕೇಳುವ ಹಕ್ಕು ಮತವಿದ್ದವರಿಗೆ, ಮತ ಮನೆಯಿದ್ದವರಿಗೆ! ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಇಲ್ಲಿ ಜಗಳವೂ ಇರಲಿಲ್ಲ. ಮೂರೂ ಮನೆಗಳು ಪರಸ್ಪರ ಗೌರವದಿಂದಲೇ ಕೂಸನ್ನು ಹೊರಗೆ ನಿಲ್ಲಿಸಿದ್ದವು.

ವೆಸ್ಟ್‌ಮಿನ್‌ಸ್ಟರಿನಲ್ಲಿ ಮೊದಲ ಬಿರುಕು ಕಾಣಿಸಿದ್ದು ಬೇರೊಂದು ಕಾರಣಕ್ಕೆ. 1964ರಲ್ಲಿ ಹ್ಯಾರಲ್ಡ್ ವಿಲ್ಸನ್‌ರ ಲೇಬರ್ ಪಕ್ಷ ಕೂದಲೆಳೆಯ ಬಹುಮತದಿಂದ ಅಧಿಕಾರಕ್ಕೆ ಬಂತು. ಉತ್ತರ ಐರ್ಲೆಂಡಿನ 12 ಸದಸ್ಯರೂ ಯೂನಿಯನಿಸ್ಟರು. ಕನ್ಸರ್ವೇಟಿವ್ ಪಕ್ಷದೊಡನೆ ಕೂರುವವರು. ಇಂಗ್ಲೆಂಡಿನ ವಿಷಯಗಳಲ್ಲಿ ಅವರು ಮತ ಹಾಕಬಹುದು, ಅವರ ನಾಡಿನ ವಿಷಯವನ್ನು ಇಂಗ್ಲೆಂಡಿನ ಸದಸ್ಯ ಕೇಳುವಂತಿಲ್ಲ, ಇದೆಂಥ ನ್ಯಾಯ ಎಂದು ಲೇಬರ್ ಸದಸ್ಯರು ಗೊಣಗತೊಡಗಿದರು. (1977ರಲ್ಲಿ ಟ್ಯಾಮ್ ಡೆಯೆಲ್ ಎಂಬ ಸದಸ್ಯ ಸ್ಕಾಟ್ಲೆಂಡಿನ ಸಂಬಂಧದಲ್ಲಿ ಎತ್ತಿದ, ಅವರ ಕ್ಷೇತ್ರದ ಹೆಸರಿನಿಂದ ‘ವೆಸ್ಟ್ ಲೋಥಿಯನ್ ಪ್ರಶ್ನೆ’ ಎಂದು ಪ್ರಸಿದ್ಧವಾದ ಸಮಸ್ಯೆಯೂ ಇದೇ.) 1965ರಲ್ಲಿ ಪಾಲ್ ರೋಸ್ ಮೊದಲಾದ ಸದಸ್ಯರು ಈ ಕುರಿತು ಒಂದು ಗುಂಪು ಕಟ್ಟಿಕೊಂಡರು. 1966ರ ಚುನಾವಣೆಯಲ್ಲಿ ಪಶ್ಚಿಮ ಬೆಲ್‌ಫಾಸ್ಟಿನಿಂದ ಗೆದ್ದ ಜೆರಿ ಫಿಟ್ ಲಂಡನ್ನಿನ ಸಭೆಯ ತಮ್ಮ ಮೊದಲ ಭಾಷಣದಲ್ಲೇ ಸಂಪ್ರದಾಯ ಮುರಿದು ತಮ್ಮ ನಾಡಿನ ತಾರತಮ್ಯದ ಮಾತೆತ್ತಿದರು. ಆದರೂ ರೂಲಿಂಗ್ ರೂಲಿಂಗೇ. ಕಿವುಡನ ಮುಂದೆ ಕಿನ್ನರಿ ನುಡಿಸಿದಂತಾಯಿತು.

ಸ್ಟಾರ್ಮಂಟಿನ ಒಳಗೆ ಅದೇ ಕಾಲದಲ್ಲಿ ಒಬ್ಬ ತರುಣ ಸದಸ್ಯರಿದ್ದರು. ಆಸ್ಟಿನ್ ಕರಿ, 1964ರ ಉಪಚುನಾವಣೆಯಲ್ಲಿ ಪೂರ್ವ ಟೈರೋನ್ ಕ್ಷೇತ್ರದಿಂದ ಆಯ್ಕೆಯಾದಾಗ ಇಪ್ಪತ್ತನಾಲ್ಕು ವರ್ಷ. ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಕೌನ್ಸಿಲ್ ಹೊಸದಾಗಿ ಕಟ್ಟಿಸಿದ ಮನೆಗಳ ಹಂಚಿಕೆಯ ವಿಷಯವನ್ನು ಅವರು ಹಿಡಿದುಕೊಂಡರು. ಅಲ್ಲೊಂದು ಮನೆ ಹತ್ತೊಂಬತ್ತು ವರ್ಷದ ಅವಿವಾಹಿತ ಪ್ರಾಟೆಸ್ಟಂಟ್ ಯುವತಿಗೆ ಹೋಗಿತ್ತು. ಆಕೆ ಯೂನಿಯನಿಸ್ಟ್ ರಾಜಕಾರಣಿಯೊಬ್ಬರ ಕಾರ್ಯದರ್ಶಿ. ಪಕ್ಕದ ಮನೆಯಲ್ಲಿ ಅನುಮತಿಯಿಲ್ಲದೆ ಬಂದು ಸೇರಿಕೊಂಡಿದ್ದ, ಚಿಕ್ಕ ಮಕ್ಕಳಿದ್ದ ಕ್ಯಾಥೊಲಿಕ್ ಕುಟುಂಬವನ್ನು 1968ರ ಜೂನ್ 18ರಂದು ಎಳೆದು ಹೊರಹಾಕಲಾಯಿತು.

ಕರಿ ಇದನ್ನು ಕೌನ್ಸಿಲಿನ ಮುಂದಿಟ್ಟರು, ಫಲ ಸಿಗಲಿಲ್ಲ. ಸ್ಟಾರ್ಮಂಟಿನಲ್ಲಿ ಎತ್ತಿದರು, ಅಲ್ಲೂ ಸಿಗಲಿಲ್ಲ. ಜೂನ್ 20ರಂದು ಇನ್ನಿಬ್ಬರೊಡನೆ ಕ್ಯಾಲೆಡನ್ನಿಗೆ ಹೋಗಿ, ಆ ಯುವತಿಗೆ ಕೊಟ್ಟ ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಕೆಲವೇ ಗಂಟೆಗಳಲ್ಲಿ ಪೊಲೀಸರು ಹೊರಗೆಳೆದರು. ಬಂದ ಪೊಲೀಸರಲ್ಲಿ ಒಬ್ಬ ಆ ಯುವತಿಯ ಅಣ್ಣನೋ ತಮ್ಮನೋ ಆಗಿದ್ದ ಎಂಬ ಸಂಗತಿ ಆ ಪುಟ್ಟ ಸಮಾಜ ಹೇಗಿತ್ತೆಂಬುದನ್ನು ತಿಳಿಸುತ್ತದೆ. ಶಾಸಕನೊಬ್ಬ ಸದನದಲ್ಲಿ ಕೇಳಿ ಸಾಕಾಗಿ ಬೇರೆಯವರ ಮನೆಯ ಬೀಗ ಒಡೆಯುವುದು ಮೆಚ್ಚುವ ಕೆಲಸವಲ್ಲ. ಆ ಯುವತಿಯದೇನೂ ತಪ್ಪಿರಲಿಲ್ಲ, ಮನೆ ಕೊಟ್ಟರು, ತೆಗೆದುಕೊಂಡಳು. ಆದರೆ ಸದನದ ಕಡತದಲ್ಲಿ ಸತ್ತುಹೋಗಲಿದ್ದ ಪ್ರಶ್ನೆಯೊಂದು ಮರುದಿನ ಪತ್ರಿಕೆಗಳಲ್ಲಿ ಬದುಕಿತು ಎಂಬುದನ್ನೂ ಅಲ್ಲಗಳೆಯಲಾಗದು.

ಅಲ್ಲಿಂದ ಮುಂದಿನದು ಎಲ್ಲ ಇತಿಹಾಸ ಗ್ರಂಥಗಳಲ್ಲೂ ಇದೆ. ಆಗಸ್ಟ್ 24ರಂದು ಕೋಲ್‌ಐಲೆಂಡಿನಿಂದ ಡಂಗ್ಯಾನನ್‌ವರೆಗೆ ನಾಗರಿಕ ಹಕ್ಕುಗಳ ಮೊದಲ ಮೆರವಣಿಗೆ. ಅಕ್ಟೋಬರ್ 5ರಂದು ಡೆರಿಯಲ್ಲಿ ನಿಷೇಧ ಮೀರಿ ಎರಡನೆಯದು. ಅಲ್ಲಿ ಪೊಲೀಸರ ಲಾಠಿ ಜೆರಿ ಫಿಟ್‌ರ ತಲೆ ಒಡೆಯಿತು. ಅವರ ಆಹ್ವಾನದ ಮೇರೆಗೆ ಬಂದಿದ್ದ ಮೂವರು ಲೇಬರ್ ಸಂಸದರು ಅದನ್ನು ಕಣ್ಣಾರೆ ಕಂಡರು. ಐರಿಷ್ ಟೆಲಿವಿಷನ್ನಿನ ಕ್ಯಾಮೆರಾ ಎಲ್ಲವನ್ನೂ ಸೆರೆಹಿಡಿಯಿತು. ನಾಲ್ಕು ದಶಕ ಕೇಳಲಾಗದ ಪ್ರಶ್ನೆಯನ್ನು ಆಮೇಲೆ ತಡೆಯುವುದು ಯಾವ ಸ್ಪೀಕರರಿಗೂ ಸಾಧ್ಯವಿರಲಿಲ್ಲ. ಏಳು ವಾರ ಕಳೆಯುವುದರೊಳಗೆ, ನವೆಂಬರ್ 22ರಂದು, ಸ್ಟಾರ್ಮಂಟ್ ಪ್ರಧಾನಿ ಟೆರೆನ್ಸ್ ಓನೀಲ್ ಐದಂಶಗಳ ಸುಧಾರಣೆ ಪ್ರಕಟಿಸಿದರು. ಮನೆ ಹಂಚಿಕೆಗೆ ಅಂಕಪದ್ಧತಿ ಅದರಲ್ಲೊಂದು. 1969ರಲ್ಲಿ ಸ್ಥಳೀಯ ಚುನಾವಣೆಗೆ ವಯಸ್ಕ ಮತದಾನ ಬಂತು. ಅದೇ ವರ್ಷ ಲಾರ್ಡ್ ಕ್ಯಾಮರನ್ ಆಯೋಗ ಮನೆಗಳ ಬಗೆಗಿನ ದೂರುಗಳಲ್ಲಿ ಹುರುಳಿದೆಯೆಂದು ವರದಿ ಕೊಟ್ಟಿತು. 1971ರಲ್ಲಿ ಮನೆಗಳ ವ್ಯವಹಾರವನ್ನೇ ಕೌನ್ಸಿಲುಗಳಿಂದ ಕಿತ್ತು ಪ್ರತ್ಯೇಕ ಸಂಸ್ಥೆಗೆ ಒಪ್ಪಿಸಲಾಯಿತು.

ಇವುಗಳಲ್ಲಿ ಅರ್ಧದಷ್ಟಾದರೂ ಹತ್ತು ವರ್ಷ ಮೊದಲು, ಒಂದು ಚುಕ್ಕೆ ಗುರುತಿನ ಪ್ರಶ್ನೆಗೆ ಉತ್ತರವಾಗಿ ಬಂದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಬಂದದ್ದು ತಡವಾಗಿ. 1969ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಬೀದಿಗಿಳಿಯಿತು. 1972ರ ಮಾರ್ಚಿನಲ್ಲಿ ಸ್ಟಾರ್ಮಂಟ್ ಸಂಸತ್ತನ್ನು ಅಮಾನತಿನಲ್ಲಿಟ್ಟು ಲಂಡನ್ ನೇರ ಆಡಳಿತ ವಹಿಸಿಕೊಂಡಿತು. 1998ರ ಒಪ್ಪಂದದ ಹೊತ್ತಿಗೆ ಸುಮಾರು ಮೂರೂವರೆ ಸಾವಿರ ಜನ ಸತ್ತಿದ್ದರು.

ಸ್ವಾರಸ್ಯದ ಸಂಗತಿಯೆಂದರೆ, ಪ್ರಶ್ನೆ ಕೇಳಿದ ಕರಿ ಒಮ್ಮೆ ಉತ್ತರಿಸುವ ಕುರ್ಚಿಯಲ್ಲೂ ಕೂತರು. 1974ರಲ್ಲಿ ಎರಡೂ ಪಂಗಡದವರು ಅಧಿಕಾರ ಹಂಚಿಕೊಂಡ ಸರ್ಕಾರವೊಂದು ಐದು ತಿಂಗಳಷ್ಟೇ ಬದುಕಿತು. ಅದರಲ್ಲಿ ಮನೆಗಳ ಖಾತೆ ಕರಿಯವರದು. ವಿಚಾರಣೆಯಿಲ್ಲದ ಬಂಧನಗಳನ್ನು ಪ್ರತಿಭಟಿಸಿ 1971ರಲ್ಲಿ ಕೌನ್ಸಿಲ್ ಮನೆಗಳ ಬಾಡಿಗೆ ಕೊಡಬೇಡಿ ಎಂದು ಜನರಿಗೆ ಕರೆ ಕೊಟ್ಟವರಲ್ಲಿ ಅವರೂ ಒಬ್ಬರು. ಈಗ ಆ ಬಾಕಿಯನ್ನು ವಸೂಲಿ ಖರ್ಚಿನ ಸಮೇತ ಕಟ್ಟಿ ಎಂದು ತಮ್ಮದೇ ಬೆಂಬಲಿಗರಿಗೆ ಹೇಳಬೇಕಾಯಿತು. ಬೈಗುಳಗಳ ಸುರಿಮಳೆಯಾಯಿತು. ಮುಂದೆ ಅವರು ದಕ್ಷಿಣದ ಐರ್ಲೆಂಡ್ ಗಣರಾಜ್ಯಕ್ಕೆ ಹೋಗಿ ಅಲ್ಲೂ ಸಂಸದರಾದರು, ಕಿರಿಯ ಸಚಿವರಾದರು. 2021ರ ನವೆಂಬರಿನಲ್ಲಿ ತೀರಿಕೊಂಡರು.

1999ರಲ್ಲಿ ಬ್ರಿಟನ್ ಅಧಿಕಾರ ವರ್ಗಾವಣೆಯನ್ನು ಮತ್ತೆ, ಈ ಸಲ ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಿಗೂ ಸೇರಿಸಿ, ಜಾರಿಗೆ ತಂದಿತು. ಆ ವರ್ಷದ ಅಕ್ಟೋಬರ್ 25ರಂದು ಕಾಮನ್ಸ್ ಸಭೆ ನಿರ್ಣಯವೊಂದನ್ನು ಅಂಗೀಕರಿಸಿತು. ವರ್ಗಾಯಿಸಿದ ವಿಷಯಗಳ ಬಗ್ಗೆ ಲಂಡನ್ನಿನಲ್ಲಿ ಪ್ರಶ್ನೆ ಕೇಳುವಂತಿಲ್ಲ, ಕೆಲವು ವಿನಾಯಿತಿಗಳನ್ನು ಬಿಟ್ಟು. 1923ರ ರೂಲಿಂಗೇ ಹೊಸ ಅಂಗಿ ತೊಟ್ಟು ಬಂದಂತೆ. ಈ ಬಾರಿ ಕೆಳಗಿನ ಸಭೆಗಳನ್ನು ಕಟ್ಟಿದ ಬಗೆ ಬೇರೆ. ಸ್ಕಾಟ್ಲೆಂಡಿನ 129 ಸದಸ್ಯರ ಸಂಸತ್ತಿಗೆ ಮತಗಳ ಅನುಪಾತಕ್ಕೆ ಹತ್ತಿರವಾದ ಚುನಾವಣಾ ಪದ್ಧತಿಯಿದ್ದು, ಅಲ್ಲಿ ಒಂದು ಪಕ್ಷ ಸೋತು ಇನ್ನೊಂದು ಬಂದದ್ದೂ ಆಗಿದೆ. ಲಿಖಿತ ಪ್ರಶ್ನೆಗೆ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳಲ್ಲಿ ಮಂತ್ರಿ ಉತ್ತರಿಸಬೇಕು.

ಉತ್ತರ ಐರ್ಲೆಂಡಿನಲ್ಲಿ ಹಳೆಯ ರೋಗಕ್ಕೆ ಕೊಟ್ಟ ಮದ್ದು ಬೇರೊಂದು ತೊಂದರೆ ತಂದಿತು. ಒಂದೇ ಪಕ್ಷದ ಆಳ್ವಿಕೆ ಬೇಡವೆಂದು ದೊಡ್ಡ ಪಕ್ಷಗಳೆಲ್ಲ ಸರ್ಕಾರದಲ್ಲಿ ಸೇರುವ ಏರ್ಪಾಡಾಯಿತು. ಎಲ್ಲರೂ ಉತ್ತರಿಸುವ ಕಡೆ ಕೂತರೆ ಕೇಳುವವರು ಯಾರು? ಅಧಿಕೃತ ವಿರೋಧ ಪಕ್ಷಕ್ಕೆ ಅವಕಾಶ ಮಾಡಿಕೊಡುವ ಕಾಯಿದೆ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಇನ್ನೊಂದು ಕಂಟಕ. ಎರಡು ಮುಖ್ಯ ಪಕ್ಷಗಳಲ್ಲಿ ಒಂದು ಹೊರನಡೆದರೆ ಸರ್ಕಾರವೇ ಬೀಳುತ್ತದೆ. 2017ರ ಜನವರಿಯಲ್ಲಿ ಹಾಗೆ ಬಿದ್ದದ್ದು ಮೂರು ವರ್ಷ ಏಳಲಿಲ್ಲ. ಕಟ್ಟಿಗೆಯ ಹೀಟರುಗಳಿಗೆ ಇಂಧನದ ಖರ್ಚಿಗಿಂತ ಹೆಚ್ಚು ಸಹಾಯಧನ ಕೊಟ್ಟ ಯೋಜನೆಯೊಂದರ ಹಗರಣ ಅದಕ್ಕೆ ನೆಪ. ಆ ಮೂರು ವರ್ಷ ಲಂಡನ್ ನೇರ ಆಡಳಿತವನ್ನೂ ಹೇರಲಿಲ್ಲ. ಹೀಗಾಗಿ ಆಸ್ಪತ್ರೆ, ಶಾಲೆಗಳ ಹೊಣೆ ಕಾನೂನಿನ ಪ್ರಕಾರ ಬೆಲ್‌ಫಾಸ್ಟಿನದೇ, ಆದರೆ ಬೆಲ್‌ಫಾಸ್ಟಿನಲ್ಲಿ ಮಂತ್ರಿಯೇ ಇಲ್ಲ. ಅಧಿಕಾರಿಗಳೇ ಇಲಾಖೆ ನಡೆಸಿದರು. ಕಸ ಸುಡುವ ದೊಡ್ಡ ಸ್ಥಾವರವೊಂದಕ್ಕೆ ಅವರು ಕೊಟ್ಟ ಅನುಮತಿಯನ್ನು 2018ರಲ್ಲಿ ಹೈಕೋರ್ಟು, ಮಂತ್ರಿಯಿಲ್ಲದೆ ಇಂಥ ತೀರ್ಮಾನ ಸಲ್ಲದು ಎಂದು ರದ್ದುಮಾಡಿತು. ಪ್ರಶ್ನೆಗೆ ಮತ್ತೊಮ್ಮೆ ಬಾಗಿಲಿರಲಿಲ್ಲ.

2022ರಲ್ಲಿ ಇನ್ನೊಮ್ಮೆ ಬಿದ್ದ ಸರ್ಕಾರ 2024ರ ಫೆಬ್ರುವರಿ 3ರಂದು ಮತ್ತೆ ರಚನೆಯಾಯಿತು. ಮುಖ್ಯಸ್ಥೆಯಾಗಿ ಆಯ್ಕೆಯಾದ ಮಿಷೆಲ್ ಓನೀಲ್ ಆ ಸ್ಥಾನಕ್ಕೇರಿದ ಮೊದಲ ನ್ಯಾಷನಲಿಸ್ಟ್. 1968ರ ಮೊದಲ ಮೆರವಣಿಗೆ ಹೊರಟ ಕೋಲ್‌ಐಲೆಂಡಿನ ಪಕ್ಕದ ಊರಿನವರು. ಸರ್ಕಾರ ಸೇರದೆ, ಅಧಿಕೃತ ವಿರೋಧ ಪಕ್ಷವಾಗಿ ಎದುರಿನ ಬೆಂಚುಗಳಲ್ಲಿ ಕೂತು ಪ್ರಶ್ನೆ ಕೇಳುವ ಕೆಲಸ ಹಿಡಿದದ್ದು, ಎಂಟೇ ಸದಸ್ಯರಿದ್ದ ಎಸ್‌ಡಿಎಲ್‌ಪಿ. 1970ರಲ್ಲಿ ಅದನ್ನು ಕಟ್ಟಿದವರಲ್ಲಿ ಜೆರಿ ಫಿಟ್ ಮತ್ತು ಆಸ್ಟಿನ್ ಕರಿ ಇದ್ದರು.